ಓದುಗರ ಪ್ರಶ್ನೆ: ಸೋಲಾರ್ ಪಾರ್ಕಿಗೆ ಜಮೀನು ಕೊಡುವ ಮುನ್ನ

ಪ್ರಶ್ನೆ: ನಮ್ಮೂರಲ್ಲಿ 50 ಮೆಗಾವಾಟ್ ಸೋಲಾರ್ ಪಾರ್ಕಿಗೆ 250 ಎಕರೆ ಕೇಳಿದ್ದಾರೆ. ‘ಪಾವಗಡದ ಹಾಗೇ ಲೀಸು’ ಅನ್ನುತ್ತಾರೆ. ಕರಾರಿನಲ್ಲಿ ಏನು ನೋಡಬೇಕು?
– ಓದುಗರು, ಮಧುಗಿರಿ ತಾಲ್ಲೂಕು

ಪಾವಗಡದ ಸೋಲಾರ್ ಪಾರ್ಕಿಗೆ ಐದು ಹಳ್ಳಿಗಳ ಸುಮಾರು 13,000 ಎಕರೆಯನ್ನು ಕೊಳ್ಳದೆ ಲೀಸಿಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಜಮೀನು ರೈತರ ಹೆಸರಲ್ಲೇ ಉಳಿದದ್ದು ಒಳ್ಳೆಯದಾಯಿತು. ಆದರೆ ಲೆಕ್ಕ ಹಾಕಿ: ಹತ್ತು ವರ್ಷ ಕಳೆದರೂ ಆ 21,000 ಏರುವುದು ಸುಮಾರು 26,800ಕ್ಕೆ. ಅಕ್ಕಿ, ಬೇಳೆ ಬೆಲೆ ಇಷ್ಟು ನಿಧಾನಕ್ಕೆ ಏರುವುದಿಲ್ಲ. ಏರಿಕೆ ವರ್ಷಕ್ಕೊಮ್ಮೆ ಆಗಲಿ ಎಂದು ಕೇಳಿ.

ಸಹಿಗೆ ಮೊದಲು ಪೌತಿ ಖಾತೆ (ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ), ಪೋಡಿ (ಹಿಸ್ಸೆ ಅಳೆದು ಬೇರೆ ಮಾಡುವುದು), ಹದ್ದುಬಸ್ತು (ಗಡಿ ಗುರುತಿಸುವುದು) ಮೂರೂ ಮುಗಿದಿರಲಿ. ತೀರಿಕೊಂಡ ತಾತನ ಹೆಸರಲ್ಲೇ ಪಹಣಿ ಇದ್ದರೆ ಬಾಡಿಗೆ ಹಣ ಸಿಕ್ಕಿಬೀಳುತ್ತದೆ. ಕೆಲಸ ಶುರುವಾದರೆ ಜೆಸಿಬಿ ಬದು, ಬಾಂದುಕಲ್ಲು ಎಲ್ಲವನ್ನೂ ಸಮ ಮಾಡಿಬಿಡುತ್ತದೆ. ಪಾವಗಡದ ಹಾಗೆ 28 ವರ್ಷದ ಲೀಸು ಮುಗಿದ ಮೇಲೆ ಮೊಮ್ಮಕ್ಕಳು ಯಾವ ಗುರುತು ಹಿಡಿದು ಹೊಲ ಹಂಚಿಕೊಳ್ಳಬೇಕು? ಕೊನೆಗೆ ಕಂಬ, ಕಾಂಕ್ರೀಟು, ಕೇಬಲ್ ಕಿತ್ತು ಕೊಡುವ ಖರ್ಚಿಗೆ ಬ್ಯಾಂಕ್ ಗ್ಯಾರಂಟಿಯನ್ನೂ ಬರೆಸಿಕೊಳ್ಳಿ.

ಜಮೀನಿಲ್ಲದವರ ಮಾತು ಸಾಮಾನ್ಯವಾಗಿ ಯಾರ ಕರಾರಿನಲ್ಲೂ ಬರುವುದಿಲ್ಲ. ಅವರ ದನ, ಕುರಿ ಮೇಯುವುದು ಗೋಮಾಳದಲ್ಲಿ, ಅಂದರೆ ಮೇವಿಗೆಂದು ಬಿಟ್ಟ ಸರ್ಕಾರಿ ಜಮೀನಿನಲ್ಲಿ. ಅದರ ಪಹಣಿಯಲ್ಲಿ ಯಾವ ರೈತನ ಹೆಸರೂ ಇರುವುದಿಲ್ಲವಾದ್ದರಿಂದ ಬೇಲಿ ಬಿದ್ದರೆ ಮೇವು ಹೋಗುತ್ತದೆ, ಬಾಡಿಗೆ ಯಾರ ಮನೆಗೂ ಬರುವುದಿಲ್ಲ. ಗೋಮಾಳವನ್ನು ಪಾರ್ಕಿನ ನಕ್ಷೆಯಿಂದಲೇ ಹೊರಗಿಡಿಸಿ.

ಪ್ರಶ್ನೆ: ಪ್ಯಾನೆಲ್ ಕೆಳಗೆ ಕುರಿ ಮೇಯಿಸಬಹುದಂತೆ, ನಿಜವೇ?
– ಓದುಗರು, ಶಿರಾ

ಕುರಿ ಆಗಬಹುದು, ಮೇಕೆ ಬೇಡ. ಮೇಕೆ ಪ್ಯಾನೆಲ್ ಹತ್ತುತ್ತದೆ, ಕೇಬಲ್ ಕಡಿಯುತ್ತದೆ.

ಸಾಮಾನ್ಯವಾಗಿ ಪ್ಯಾನೆಲಿನ ಕೆಳಅಂಚು ಮೊಣಕಾಲೆತ್ತರಕ್ಕೆ, ಅರ್ಧ ಮೀಟರಿನಷ್ಟಕ್ಕೆ ಇರುತ್ತದೆ. ಕುರಿ ಸಲೀಸಾಗಿ ಮೇಯಲು ಒಂದು ಮೀಟರಿನಷ್ಟು ಇದ್ದರೆ ಒಳ್ಳೆಯದು. ಎತ್ತರಿಸಿದರೆ ಗಾಳಿಯ ಒತ್ತಡ ತಡೆಯಲು ಕಬ್ಬಿಣ ಹೆಚ್ಚು ಬೇಕು, ಖರ್ಚೂ ಏರುತ್ತದೆ. ಹಾಗಾಗಿ ನಕ್ಷೆ ಹಂತದಲ್ಲೇ ಹೇಳಬೇಕು, ಕಂಬ ನೆಟ್ಟ ಮೇಲೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಇನ್ನೊಂದು ಸಣ್ಣ ಸಂಗತಿ ದೊಡ್ಡ ತಲೆನೋವು ತರುತ್ತದೆ. ಕೇಬಲ್ ಕಟ್ಟುವ ಅಗ್ಗದ ಪ್ಲಾಸ್ಟಿಕ್ ಟ್ಯಾಗು ಬಿಸಿಲಿಗೆ ಒಣಗಿ ಪಟ್ಟನೆ ಮುರಿಯುತ್ತದೆ. ಜೋತುಬಿದ್ದ ಕೇಬಲಿಗೆ ಟಗರಿನ ಕೊಂಬು ಸಿಕ್ಕಿ ಮೇಲಿನ ಹೊದಿಕೆ ಸವೆಯುತ್ತದೆ, ಮೊದಲ ಮಳೆಗೆ ಕರೆಂಟು ನೆಲಕ್ಕೆ ಸೋರಿ ಇನ್ವರ್ಟರ್ ಟ್ರಿಪ್ ಆಗುತ್ತದೆ. ಬೈಗುಳ ಮಾತ್ರ ಕುರಿಗಾಹಿಗೆ. ಸ್ಟೀಲ್ ಕ್ಲಿಪ್ ಹಾಕಿಸಿ.

ಪ್ರಶ್ನೆ: ಹುಲ್ಲು, ಹಕ್ಕಿ, ನರಿಗಳ ಗತಿಯೇನು? ತೊಳೆಯುವ ನೀರೆಲ್ಲಿಂದ?
– ಓದುಗರು, ಕೊರಟಗೆರೆ

ಎರಡೂ ಒಂದೇ ಪ್ರಶ್ನೆ. 540 ವಾಟಿನ ಪ್ಯಾನೆಲ್ ಹಾಕಿದರೆ 50 ಮೆಗಾವಾಟಿಗೆ ಸುಮಾರು 92,600 ಬೇಕು. ಒಂದಕ್ಕೆ ಒಂದೂವರೆ ಲೀಟರ್ ಹಿಡಿದರೂ ಒಂದು ಸಲ ತೊಳೆಯಲು 1.39 ಲಕ್ಷ ಲೀಟರ್, ಅಂದರೆ 5,000 ಲೀಟರಿನ 28 ಟ್ಯಾಂಕರ್. ಗಡಸು ಬೋರ್‌ವೆಲ್ ನೀರಾದರೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ. ಬ್ರಷ್ ಯಂತ್ರದಿಂದ ನೀರಿಲ್ಲದೆ ಒರೆಸುವುದನ್ನೇ ಕರಾರಿಗೆ ಹಾಕಿಸಿ.

ಕಳೆನಾಶಕ ಹೊಡೆದು ನೆಲ ಬೋಳು ಮಾಡಿದರೆ ದೂಳು ಏಳುತ್ತದೆ, ತೊಳೆಯುವ ಸರದಿ ಹೆಚ್ಚುತ್ತದೆ. ಪ್ಯಾನೆಲಿನ ಅಂಚಿನಿಂದ ಸುರಿಯುವ ಮಳೆನೀರು ಬರಿ ಮಣ್ಣಿನಲ್ಲಿ ಸಾಲಾಗಿ ಕೊರಕಲು ತೋಡುತ್ತದೆ. ಗರಿಕೆ, ತುಂಬೆ ತಾವಾಗಿಯೇ ಬರಲಿ; ಬೇಲಿಯುದ್ದಕ್ಕೆ ತಂಗಡಿ ಬೆಳೆಸಿದರೆ ಜೇನಿಗೂ ಆಯಿತು. ಹುಲ್ಲು ಬೀಜ ಉದುರಿಸಿದ ಮೇಲೆ ಒಂದು ಗೇಣು ಬಿಟ್ಟು ಕೊಯ್ದು ಊರಿಗೆ ಮೇವಾಗಿ ಕೊಡಲಿ. ಒಮ್ಮೆಗೆ ಅರ್ಧ ಭಾಗವಷ್ಟೇ ಕೊಯ್ದರೆ ನೆಲದಲ್ಲಿ ಗೂಡು ಕಟ್ಟುವ ನೆಲಗುಬ್ಬಿ, ಗೌಜಲಹಕ್ಕಿಗೆ ಜಾಗ ಉಳಿಯುತ್ತದೆ. ಬೇಸಿಗೆಯ ಬೆಂಕಿಗೆ ಬೇಲಿ ಒಳಗೆ ಐದು ಮೀಟರ್ ಪಟ್ಟಿ ಮಾತ್ರ ಬೋಳಾಗಿರಲಿ.

ಬೇಲಿಯ ತಳದಲ್ಲಿ 20 ಸೆಂಟಿಮೀಟರ್ ಬಿಟ್ಟರೆ ಮೊಲ, ಮುಂಗುಸಿ, ಉಡ ನುಸುಳುತ್ತವೆ. ಕೃಷ್ಣಮೃಗಕ್ಕೆ ಅದು ಸಾಲದು. ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶವಿರುವ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಂಥ ಕಡೆ ಇದನ್ನು ಮರೆಯುವಂತಿಲ್ಲ. ಇಡೀ 250 ಎಕರೆಗೆ ಒಂದೇ ಬೇಲಿ ಬೇಡ. ಹಳ್ಳದ ಎರಡೂ ಬದಿ 30 ಮೀಟರ್ ಬಿಟ್ಟು ಪಾರ್ಕನ್ನೇ ಎರಡು ಮೂರು ತುಂಡು ಮಾಡಿಸಿ. ಜಿಂಕೆಗೂ ಕುರಿಮಂದೆಗೂ ಅದೇ ದಾರಿ.

ಬಯಲಿನ ಸೋಲಾರ್ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಂದಾಜಿನ ಅಧಿಸೂಚನೆಯಡಿ ಅನುಮತಿ ಬೇಕಿಲ್ಲ. ಇಲ್ಲಿ ಯಾವ ಪ್ರಾಣಿ, ಹಕ್ಕಿ ಇದ್ದವು ಎಂದು ಯಾರೂ ಕೇಳುವುದಿಲ್ಲ. ಒಂದು ಮಳೆಗಾಲ, ಒಂದು ಬೇಸಿಗೆ ನೀವೇ ನೋಡಿ ಪಟ್ಟಿ ಮಾಡಿ, ಗ್ರಾಮಸಭೆಯ ನಡಾವಳಿಗೆ ಸೇರಿಸಿ, ಅದರ ಪ್ರತಿಯನ್ನು ಕರಾರಿಗೆ ಲಗತ್ತಿಸಿ.