ಮಳೆ ಕಡಿಮೆಯಾಗಿದೆಯೋ, ಹೊತ್ತು ತಪ್ಪಿದೆಯೋ?

ಪ್ರಶ್ನೆ: ನಮ್ಮದು ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕು, ಪೂರ್ತಿ ಮಳೆಯಾಶ್ರಿತ ಹೊಲ. ಮಳೆ ವರ್ಷದಿಂದ ವರ್ಷಕ್ಕೆ ಇಳೀತಾ ಇದೆ ಅಂತಾರೆ ಊರಿನ ಹಿರಿಯರು. ಸಭೆಗೆ ಬಂದ ಅಧಿಕಾರಿಗಳು ಪಟ್ಟಿ ತೋರಿಸಿ, ‘ವಾಡಿಕೆಯಷ್ಟು ಬಂದಿದೆಯಲ್ಲ’ ಅಂದರು. ಯಾರ ಮಾತು ನಂಬೋಣ?

ಉತ್ತರ: ಇಬ್ಬರದೂ ಸರಿಯಿರಬಹುದು. ಪಟ್ಟಿಯಲ್ಲಿರುವುದು ಮಳೆಯ ಮೊತ್ತ, ಹಿರಿಯರದು ಹೊಲದ ಹದದ ಲೆಕ್ಕ. ಆಗಸ್ಟ್‌ನಲ್ಲಿ 25 ಮಿ.ಮೀ.ನಂತೆ ನಾಲ್ಕು ಸಲ ಬಿದ್ದರೂ 100. ಒಂದೇ ಸಂಜೆ 85 ಸುರಿದು, ಉಳಿದ ತಿಂಗಳೆಲ್ಲ 15 ಹನಿಸಿದರೂ 100. ನಮ್ಮ ಕೆಂಪು ಮರಳುಮಣ್ಣು ಎರಡನೆಯದನ್ನು ಹಿಡಿದಿಡುವುದಿಲ್ಲ. ಬದು ಒಡೆದು ನೀರು ಹಳ್ಳ ಸೇರುತ್ತದೆ, ಆಮೇಲೆ ಎರಡು ವಾರ ಒಣಗಿದರೆ ಸಾಕು, ರಾಗಿ ಗರಿ ಮುದುರಿಕೊಳ್ಳುತ್ತದೆ.

ಮೊತ್ತ ಬಿಟ್ಟು, ನಿಮ್ಮ ಹೋಬಳಿಯ ದಿನವಹಿ ಮಳೆ ಕೇಳಿ. ಅದರಲ್ಲಿ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ದಿನಗಳನ್ನು ಎಣಿಸಿ (ಹವಾಮಾನ ಇಲಾಖೆಗೆ ಅಷ್ಟಾದರೆ ಮಾತ್ರ ಮಳೆ ದಿನ), ಎರಡು ಮಳೆ ದಿನಗಳ ನಡುವಿನ ಅತಿ ಉದ್ದದ ಬಿಡುವನ್ನೂ 64.5 ಮುಟ್ಟಿದ ಭಾರಿ ಮಳೆಯ ದಿನಗಳನ್ನೂ ಗುರುತಿಸಿ. ಮಳೆ ನಕ್ಷತ್ರದ ಪ್ರಕಾರ ಬರೆದುಕೊಂಡರೆ ಹಿರಿಯರ ನೆನಪಿಗೆ ತಾಳೆ ಹಾಕಬಹುದು. ನಕ್ಷತ್ರಗಳು ಸೂರ್ಯನ ಲೆಕ್ಕದವು, ಸುಮಾರು 70 ವರ್ಷಕ್ಕೆ ಒಂದು ದಿನವಷ್ಟೇ ಸರಿಯುತ್ತವೆ. ತಾತನ ಕಾಲದ ಮಖೆಯೂ ಈಗಿನ ಮಖೆಯೂ ಹೆಚ್ಚುಕಡಿಮೆ ಅದೇ ಆಗಸ್ಟ್ ನಡುವಿಗೆ ಶುರುವಾಗುವುದು.

ನೆನಪನ್ನೂ ಸ್ವಲ್ಪ ಸೋಸಬೇಕು. 2023ರ ಆಗಸ್ಟ್ 1901ರಿಂದೀಚೆಗೆ ದೇಶದಲ್ಲೇ ಅತಿ ಒಣ ಆಗಸ್ಟ್. ಅಂಥದ್ದೊಂದು ಎಲ್ ನಿನೋ ವರ್ಷ (ಪೆಸಿಫಿಕ್ ಸಾಗರ ಬಿಸಿಯೇರಿ ನಮ್ಮ ಮುಂಗಾರು ಸಾಮಾನ್ಯವಾಗಿ ಸೊರಗುವ ವರ್ಷ) ಹಿಂದಿನ ಒಳ್ಳೆಯ ವರ್ಷಗಳನ್ನೆಲ್ಲ ಮರೆಸಿಬಿಡುತ್ತದೆ. ಹವಾಮಾನ ಬದಲಾಗಿದೆ ಅನ್ನಲು ಕನಿಷ್ಠ 30 ವರ್ಷದ ಲೆಕ್ಕ ಬೇಕು. ಇನ್ನು ಕೆರೆ ತುಂಬಲಿಲ್ಲ ಎಂದ ಮಾತ್ರಕ್ಕೆ ಮಳೆ ಇಲ್ಲ ಎಂದಲ್ಲ, ಕೆರೆಗೆ ನೀರು ತರುವ ಹಳ್ಳ ಒತ್ತುವರಿಯಾಗಿರಬಹುದು. ಕೊಟ್ಟಿಗೆ ಗೊಬ್ಬರ ಕಡಿಮೆಯಾದ ಹೊಲದಲ್ಲಿ ಅದೇ ಬಿಡುವು ಮೊದಲಿಗಿಂತ ಬೇಗ ಬಾಧಿಸುತ್ತದೆ. ಮಂಡ್ಯದವರಿಗೆ ಇನ್ನೊಂದು ಅಭ್ಯಾಸ: ಕೆಆರ್‌ಎಸ್ ಜಲಾಶಯ ತುಂಬಿ 124.80 ಅಡಿ ಮುಟ್ಟಿದರೆ ಮಳೆ ಚೆನ್ನಾಗಿದೆ ಅನ್ನುವುದು. ಆ ನೀರು ಹೆಚ್ಚಾಗಿ ಕೊಡಗಿನದು, ನಾಗಮಂಗಲದ ಹೊಲಕ್ಕೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಹೋಬಳಿಯಲ್ಲಿ ಮಳೆ ಬಿದ್ದ ದಿನ ನಮ್ಮ ಹೊಲ ಒಣಗಿರುತ್ತದೆ. ನಾವೇ ಅಳೆಯಬಹುದೇ?

ಉತ್ತರ: ಎರಡು ಲೀಟರಿನ ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿ ಸಾಕು. ಕುತ್ತಿಗೆ ಕತ್ತರಿಸಿ, ಆ ತುಂಡನ್ನು ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ. ತಳ ಉಬ್ಬುತಗ್ಗಾಗಿರುವುದರಿಂದ ಗೋಡೆ ನೇರವಾಗುವ ಮಟ್ಟದವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಗುರುತಿಸಿ, ಮೇಲಕ್ಕೆ ಮಿ.ಮೀ. ಸ್ಕೇಲ್ ಅಂಟಿಸಿ. ಈ ಸೊನ್ನೆಯ ಕೆಲಸ ಬಿಟ್ಟರೆ ಸಣ್ಣ ಮಳೆಯ ಲೆಕ್ಕವೆಲ್ಲ ತಪ್ಪುತ್ತದೆ. ಮರ, ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟು ದೂರದಲ್ಲಿ ಗೂಟಕ್ಕೆ ನೆಟ್ಟಗೆ ಕಟ್ಟಿ. ದಿನಾ ಬೆಳಿಗ್ಗೆ 8.30ಕ್ಕೆ ಓದಿ, ನೀರನ್ನು ಮತ್ತೆ ಸೊನ್ನೆಗೆ ತನ್ನಿ. ಒಂದು ಎಕರೆಗೆ 1 ಮಿ.ಮೀ. ಅಂದರೆ ಸುಮಾರು 4,000 ಲೀಟರ್.

ಪ್ರಶ್ನೆ: ಮಳೆ ತಡವಾದರೆ ಯಾವ ರಾಗಿ?

ಉತ್ತರ: ತಳಿ ಅಭಿಮಾನ ಬಿಟ್ಟು ತಾರೀಖು ನೋಡಿ. ಜುಲೈ ನಡುವಿನೊಳಗೆ ಹದ ಸಿಕ್ಕರೆ ಎಂಆರ್-6ರಂಥ ದೀರ್ಘಾವಧಿ ತಳಿ. ಅದು ದಾಟಿದರೆ ಜಿಪಿಯು-28 ಅಥವಾ ಎಂಎಲ್-365; ಇವು ಸುಮಾರು 105–115 ದಿನದವು. ಆಗಸ್ಟ್‌ಗೆ ಹೋದರೆ 95–100 ದಿನದ ಜಿಪಿಯು-48. ತಡವಾಗಿ ದೀರ್ಘಾವಧಿಯದನ್ನು ಬಿತ್ತಿದರೆ ತೆನೆ ಕಾಳು ಕಟ್ಟುವ ಹೊತ್ತಿಗೆ ಹಿಂಗಾರು ಮುಗಿದು ಜೊಳ್ಳು ಉಳಿಯುತ್ತದೆ.

ಬಿತ್ತುವ ಮುನ್ನ ಒಂದು ಕೆಲಸ ಮಾಡಿ. ಕೆಜಿ ಬೀಜಕ್ಕೆ ಒಂದು ಲೀಟರ್ ನೀರಿನಂತೆ 6 ಗಂಟೆ ನೆನೆಸಿ, ಬಸಿದು, ಒದ್ದೆ ಬಟ್ಟೆಯಲ್ಲಿ ಎರಡು ದಿನ ಬಿಗಿಯಾಗಿ ಕಟ್ಟಿಡಿ. ಮೊಳಕೆ ಇಣುಕುತ್ತಿದ್ದಂತೆ ತೆಗೆದು ನೆರಳಲ್ಲಿ ಎರಡು ದಿನ ಒಣಗಿಸಿ. ಹೀಗೆ ಕಠಿಣಗೊಂಡ ಬೀಜದ ಪೈರು ಮಳೆಯ ಬಿಡುವನ್ನು ತಾಳಿಕೊಳ್ಳುತ್ತದೆ. ಮೊಳಕೆ ಉದ್ದವಾದರೆ ಮಾತ್ರ ಒಣಗಿಸುವಾಗ ಸಾಯುತ್ತದೆ, ಎರಡನೇ ದಿನ ಗಂಟು ಬಿಚ್ಚಿ ನೋಡುತ್ತಿರಿ. ಕೂರಿಗೆಗೆ ಎಕರೆಗೆ 4–5 ಕೆಜಿ ಬೀಜ, ರಾಗಿಯ ನಡುವಿನ ಅಕ್ಕಡಿ (ಮಿಶ್ರಬೆಳೆ) ಸಾಲಿಗೆ ಅವರೆ ಅಥವಾ ತೊಗರಿ. ಆಗಸ್ಟ್ ಮುಗಿದರೂ ಹದ ಬಾರದಿದ್ದರೆ ರಾಗಿಯ ಆಸೆ ಬಿಟ್ಟು ಹುರುಳಿ ಚೆಲ್ಲಿ.