2019ರ ತುಮಕೂರು ಲೋಕಸಭೆ: ಮತಗಳ ಮೊತ್ತ ತಾಳೆಯಾಗದಿದ್ದರೆ

ವಿಧಾನಸಭಾವಾರು ಮತಗಳನ್ನು ಕೂಡಿಸಿದಾಗ ಲೋಕಸಭಾ ಫಲಿತಾಂಶಕ್ಕಿಂತ ಹೆಚ್ಚು ಬರುತ್ತಿದೆಯೇ? ತುಮಕೂರು ಜಿಲ್ಲೆಯ ಹನ್ನೊಂದೂ ವಿಧಾನಸಭಾ ಕ್ಷೇತ್ರಗಳನ್ನು ಕೂಡಿಸಿದ್ದೀರಿ, ಮೊತ್ತ ಹೆಚ್ಚಾಗಿರುವುದು ಬಹುಶಃ ಅದಕ್ಕೇ. ಜಿಲ್ಲೆ ಬೇರೆ, ಲೋಕಸಭಾ ಕ್ಷೇತ್ರ ಬೇರೆ. ಮೊದಲು ಕುಣಿಗಲ್ ತೆಗೆಯಿರಿ, ಅದು ಬೆಂಗಳೂರು ಗ್ರಾಮಾಂತರಕ್ಕೆ ಸೇರಿದ್ದು. ಶಿರಾ, ಪಾವಗಡ ಚಿತ್ರದುರ್ಗಕ್ಕೆ. ಉಳಿಯುವ ಎಂಟು: ತುಮಕೂರು ನಗರ, ತುಮಕೂರು ಗ್ರಾಮಾಂತರ, ಗುಬ್ಬಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಕೊರಟಗೆರೆ, ಮಧುಗಿರಿ.

ಇವನ್ನು ಕೂಡಿಸಿದ ಮೇಲೂ ಸ್ವಲ್ಪ ಕಡಿಮೆ ಬಂದರೆ ಅದು ಅಂಚೆ ಮತ. ವಿಧಾನಸಭಾವಾರು ಲೆಕ್ಕದಲ್ಲಿ ಅದು ಸಿಗುವುದಿಲ್ಲ, ನಮೂನೆ 20ರ (ಅಂತಿಮ ಫಲಿತಾಂಶ ಪಟ್ಟಿಯ) ಎರಡನೇ ಭಾಗದಲ್ಲಿ ಪ್ರತ್ಯೇಕ ಸಾಲಾಗಿ ಇರುತ್ತದೆ, ಸೇರಿಸಿಕೊಳ್ಳಿ. ಕೊನೆಗೆ ಜಿ.ಎಸ್. ಬಸವರಾಜು 5,96,127, ಎಚ್.ಡಿ. ದೇವೇಗೌಡ 5,82,788, ಅಂತರ 13,339 ಬರಬೇಕು.

2004 ಮತ್ತು ಅದಕ್ಕೂ ಹಿಂದಿನ ಚುನಾವಣೆಗಳನ್ನು ದಯವಿಟ್ಟು ಇದೇ ಕೋಷ್ಟಕದಲ್ಲಿ ಹಾಕಬೇಡಿ. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಗಡಿಗಳೇ ಬದಲಾದವು.