ಭಾರತ ಅಷ್ಟು ಸಮಾನ ದೇಶನಾ? ಗಿನಿ ನಂಬರು, ಟ್ಯಾಕ್ಸ್ ಲೆಕ್ಕ

ಪ್ರಶ್ನೆ: ಸರ್, ನಾನು ಡಿಗ್ರಿ ಎಕನಾಮಿಕ್ಸ್ ಓದ್ತಿದೀನಿ. 2025ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಶ್ವಬ್ಯಾಂಕ್ ಅಂಕಿ ತೋರಿಸಿ, ಭಾರತದ ಗಿನಿ (ಅಸಮಾನತೆ ಅಳೆಯೋ ಸೂಚ್ಯಂಕ, ಕಮ್ಮಿ ಇದ್ದಷ್ಟೂ ಸಮಾನತೆ ಜಾಸ್ತಿ) 25.5, ಸಮಾನತೆಯಲ್ಲಿ ಜಗತ್ತಿಗೇ ನಾಲ್ಕನೇ ಸ್ಥಾನ ಅಂತ ಹೇಳ್ತು. ಫ್ರೆಂಚ್ ಅರ್ಥಶಾಸ್ತ್ರಜ್ಞ ಥಾಮಸ್ ಪಿಕೆಟಿ ತಂಡದವ್ರು ನೋಡಿದ್ರೆ ದೇಶದ ಆದಾಯದಲ್ಲಿ 22.6% ಮೇಲಿನ 1% ಜನಕ್ಕೇ ಹೋಗುತ್ತೆ ಅಂತಾರೆ. ಯಾರು ಸುಳ್ಳು ಹೇಳ್ತಿರೋದು? ಶ್ರೀಮಂತರಿಗೆ ಟ್ಯಾಕ್ಸ್ ಏರಿಸಿದ್ರೆ ಮುಗೀತಲ್ವಾ? (ಓದುಗರು, ಹಾವೇರಿ)

ಉತ್ತರ: ಯಾರೂ ಸುಳ್ಳು ಹೇಳ್ತಿಲ್ಲ, ಆದ್ರೆ ಇಬ್ರೂ ಅಳೀತಿರೋದು ಬೇರೆ ಬೇರೆ. 25.5 ಅನ್ನೋದು 2022-23ರಲ್ಲಿ ಮನೆಗಳು ಎಷ್ಟು ಖರ್ಚು ಮಾಡಿದ್ವು ಅನ್ನೋದರ ಗಿನಿ, ಸಂಪಾದನೆದಲ್ಲ. ವಿಶ್ವಬ್ಯಾಂಕ್ ಅದೇ ಟಿಪ್ಪಣಿಯಲ್ಲಿ ಡೇಟಾ ಮಿತಿಗಳಿರೋದ್ರಿಂದ ಅಸಮಾನತೆ ಕಮ್ಮಿ ಕಾಣ್ತಿರಬಹುದು ಅಂತಾನೂ ಬರೆದಿದೆ, ವರ್ಲ್ಡ್ ಇನೀಕ್ವಾಲಿಟಿ ಡೇಟಾಬೇಸ್ ಪ್ರಕಾರ ಆದಾಯದ ಗಿನಿ 2004ರಲ್ಲಿ 52 ಇದ್ದಿದ್ದು 2023ಕ್ಕೆ 62 ಆಗಿದೆ ಅಂತಾನೂ ಸೇರಿಸಿದೆ. ಸರ್ಕಾರದ ಪ್ರೆಸ್ ನೋಟಲ್ಲಿ ಮೊದಲನೇ ನಂಬರಿಗೆ ಸಿಕ್ಕಿದ ಮರ್ಯಾದೆ ಇದಕ್ಕೆ ಸಿಗಲಿಲ್ಲ ಅಷ್ಟೆ.

ನೀವೇ ಕೈಯಲ್ಲಿ ಲೆಕ್ಕ ಹಾಕಿ ನೋಡಿ. ಒಂದು ಬೀದಿಲಿ ಐದು ಮನೆ ಅಂತಿಟ್ಕೊಳ್ಳಿ, ತಿಂಗಳ ಆದಾಯ 10, 15, 20, 30 ಸಾವಿರ, ಕೊನೇ ಮನೇದು 1 ಲಕ್ಷ 25 ಸಾವಿರ. ಯಾವ ಎರಡು ಮನೆ ತಗೊಂಡ್ರೂ ಅವುಗಳ ಮಧ್ಯೆ ಒಂದು ವ್ಯತ್ಯಾಸ ಇರುತ್ತೆ, ಅಂಥ ಹತ್ತು ಜೋಡಿ ಬರುತ್ತೆ, ಎಲ್ಲಾ ವ್ಯತ್ಯಾಸ ಕೂಡಿಸಿದ್ರೆ 490 ಸಾವಿರ. ಅದನ್ನ ಐದು ಇಂಟು ಒಟ್ಟು ಆದಾಯ ಎರಡು ಲಕ್ಷ, ಅಂದ್ರೆ ಹತ್ತು ಲಕ್ಷದಿಂದ ಭಾಗಿಸಿದ್ರೆ 0.49. ನೂರರ ಲೆಕ್ಕದಲ್ಲಿ ಗಿನಿ 49. ಎಲ್ಲರಿಗೂ ಸಮ ಇದ್ರೆ ಸೊನ್ನೆ ಬರೋದು.

ಈಗ ಅದೇ ಮನೆಗಳ ಖರ್ಚು ತಗೊಳ್ಳಿ. ಕೆಳಗಿನ ಎರಡು ಮನೇಲಿ ಬಂದಿದ್ದೆಲ್ಲಾ ಖರ್ಚಾಗುತ್ತೆ, 10 ಮತ್ತೆ 15. ಮೂರನೇದು 18, ನಾಲ್ಕನೇದು 25 ಖರ್ಚು ಮಾಡಿ ಉಳಿದಿದ್ದು ಚೀಟಿಗೋ ಆರ್‌ಡಿಗೋ ಹಾಕುತ್ತೆ, ಐದನೇ ಮನೆ 52 ಸಾವಿರ ಖರ್ಚು ಮಾಡಿ ಉಳಿದ 73 ಸಾವಿರ ಸೈಟಿಗೆ, ಶೇರಿಗೆ ಹಾಕುತ್ತೆ. ಗಿನಿ ಎಷ್ಟು ಬಂತು? 31. ಯಾರ ಸಂಬಳಾನೂ ಬದಲಾಗಿಲ್ಲ, ಆದ್ರೂ 49 ಹೋಗಿ 31 ಆಯ್ತು. ಇನ್ನೂ ಒಂದು ತಮಾಷೆ ಇದೆ, ಸರ್ವೆಯವ್ರು ಬಂದಾಗ ಐದನೇ ಮನೆ ಗೇಟಲ್ಲೇ ಸೆಕ್ಯುರಿಟಿ ವಾಪಸ್ ಕಳಿಸಿದ ಅಂದ್ಕೊಳ್ಳಿ, ಉಳಿದ ನಾಲ್ಕು ಮನೆ ಆದಾಯದ ಗಿನಿ ಬರೀ 22! ಅದಕ್ಕೇ ಪಿಕೆಟಿ ತಂಡ ಸರ್ವೆ ಜೊತೆ ಇನ್‌ಕಮ್ ಟ್ಯಾಕ್ಸ್ ಡೇಟಾನೂ ಸೇರಿಸೋದು. ಅವರ ವಿಧಾನದಲ್ಲೂ ಊಹೆ ಮೇಲೆ ಹಾಕಿದ ಲೆಕ್ಕ ಬಹಳ ಇದೆ, ಅದರ ಬಗ್ಗೆ ಜಗಳ ಇದೆ, ಇರ್ಲಿ.

ಟ್ಯಾಕ್ಸ್ ವಿಷಯಕ್ಕೆ ಬರೋಣ. ಐದನೇ ಮನೆಯಿಂದ 25 ಸಾವಿರ ತಗೊಂಡು ಸುಮ್ನೆ ಖಜಾನೇಲಿಟ್ರೆ ಗಿನಿ 49ರಿಂದ 45ಕ್ಕೆ ಇಳಿಯುತ್ತೆ. ಅದೇ ದುಡ್ಡನ್ನ ಐದೂ ಮನೆಗೆ ಐದೈದು ಸಾವಿರ ಹಂಚಿದ್ರೆ 39. ಇನ್ನು ಶ್ರೀಮಂತ ಬಡವ ಅಂತ ನೋಡ್ದೆ ಎಲ್ಲರಿಂದಲೂ ಆದಾಯದ 12.5% ವಸೂಲಿ ಮಾಡಿ, ಬಂದ ಅದೇ 25 ಸಾವಿರವನ್ನ ಸಮವಾಗಿ ಹಂಚಿದ್ರೂ 43ಕ್ಕೆ ಇಳಿಯುತ್ತೆ, ಅಂದ್ರೆ ಶ್ರೀಮಂತನಿಂದ ಮಾತ್ರ ಕಿತ್ಕೊಂಡು ಹಂಚದೇ ಇಟ್ಟಿದ್ದಕ್ಕಿಂತ ಇದೇ ವಾಸಿ. ನಮ್ಮಲ್ಲಿ ಚರ್ಚೆ ಎಲ್ಲಾ ಯಾರಿಂದ ತಗೋಬೇಕು ಅನ್ನೋದ್ರಲ್ಲೇ ಮುಗಿದುಹೋಗುತ್ತೆ, ತಗೊಂಡಿದ್ದು ಎಲ್ಲಿಗೆ ಹೋಯ್ತು ಅಂತ ಕೇಳೋರು ಕಮ್ಮಿ.

ಹಾಗಂತ ಯಾರಿಂದ ಅನ್ನೋದು ಮುಖ್ಯ ಅಲ್ಲ ಅಂತಲ್ಲ. ಖರ್ಚಿನ ಮೇಲೆ 10% ಜಿಎಸ್‌ಟಿ ಅಂತ ಹಿಡಿದ್ರೆ ಮೊದಲನೇ ಮನೆ ತನ್ನ ಆದಾಯದ 10% ಕಟ್ಟುತ್ತೆ, ಐದನೇ ಮನೆ 4% ಚಿಲ್ಲರೆ. (ಬಿಡಿ ಅಕ್ಕಿ, ತರಕಾರಿಗೆ ಜಿಎಸ್‌ಟಿ ಇಲ್ಲ, ಹಾಗಾಗಿ ನಿಜದಲ್ಲಿ ಅಂತರ ಸ್ವಲ್ಪ ಕಮ್ಮಿ.)

ರೇಟ್ ಏರಿಸೋದನ್ನ ನಾವು ಮಾಡಿ ನೋಡಿದೀವಿ. 1973-74ರಲ್ಲಿ ಸರ್‌ಚಾರ್ಜ್ (ತೆರಿಗೆ ಮೇಲೆ ಹಾಕೋ ಹೆಚ್ಚುವರಿ ತೆರಿಗೆ) ಸೇರಿ ಇನ್‌ಕಮ್ ಟ್ಯಾಕ್ಸಿನ ಮೇಲಿನ ದರ 97.75%, ನೂರು ರೂಪಾಯಲ್ಲಿ ಕೈಗೆ ಎರಡೂಕಾಲು ರೂಪಾಯಿ. ಆಗ ಮೇಲಿನ 1%ರ ಪಾಲು ಇಳೀತಾ ಬಂದಿದ್ದು ನಿಜ, 1980ರ ದಶಕದ ಶುರುವಲ್ಲಿ 6% ಆಸುಪಾಸಿಗೆ ಬಂದಿತ್ತು, ಆದ್ರೆ ಆ ಲೆಕ್ಕಾನೂ ಜನ ತೋರಿಸಿದ ಆದಾಯದಿಂದಲೇ ಹಾಕಿದ್ದು, ಅಷ್ಟು ಟ್ಯಾಕ್ಸ್ ಇದ್ದಾಗ ಯಾರು ಪೂರ್ತಿ ತೋರಿಸ್ತಾರೆ ಹೇಳಿ. ಸಂಪತ್ತಿನ ತೆರಿಗೆ ಕಥೆನೂ ಹಂಗೇ. ಬ್ರಿಟಿಷ್ ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡೋರ್ ಸಲಹೆ ಮೇಲೆ 1957ರಲ್ಲಿ ಬಂತು, 1993ರ ನಂತರ ಶೇರುಗಳನ್ನ ಅದರಿಂದ ಹೊರಗಿಟ್ರು, ಒಡವೆ, ಕಾರು, ಎಕ್ಸ್‌ಟ್ರಾ ಮನೆ, ಖಾಲಿ ಸೈಟು ಇಂಥವು ಮಾತ್ರ ಉಳ್ಕೊಂಡ್ವು. ದೊಡ್ಡ ಸಾಹುಕಾರರ ಆಸ್ತಿ ಇರೋದೇ ಶೇರಲ್ಲಿ! 2013-14ರಲ್ಲಿ ಇಡೀ ದೇಶದಿಂದ ಬಂದಿದ್ದು 1,008 ಕೋಟಿ. 2015ರ ಬಜೆಟ್ಟಲ್ಲಿ ಅರುಣ್ ಜೇಟ್ಲಿ ಅದನ್ನ ತೆಗೆದು, ಕೋಟಿ ಮೇಲಿನ ಆದಾಯಕ್ಕೆ 2% ಹೆಚ್ಚುವರಿ ಸರ್‌ಚಾರ್ಜ್ ಹಾಕಿದ್ರು.

ನನ್ನ ಅಭಿಪ್ರಾಯ ಕೇಳಿದ್ರೆ, ದರ ಏರಿಸೋಕೆ ಮುಂಚೆ ಒಂದು ತೂತು ಮುಚ್ಚಬೇಕು. ಹೊಸ ಪದ್ಧತಿಯಲ್ಲಿ ವರ್ಷಕ್ಕೆ 24 ಲಕ್ಷ ದಾಟಿದ ಸಂಬಳಕ್ಕೆ 30%, ಅದೇ ಲಿಸ್ಟ್ ಆದ ಶೇರನ್ನ ವರ್ಷಕ್ಕಿಂತ ಜಾಸ್ತಿ ಇಟ್ಕೊಂಡು ಮಾರಿದ ಲಾಭಕ್ಕೆ 2024ರ ಜುಲೈಯಿಂದ 12.5%, ಅದರ ಮೇಲಿನ ಸರ್‌ಚಾರ್ಜೂ 15% ದಾಟಲ್ಲ. ಮಾರದೇ ಇಟ್ಕೊಂಡ್ರೆ ಬೆಲೆ ಹತ್ತುಪಟ್ಟಾದ್ರೂ ಸೊನ್ನೆ. ಅಪ್ಪ ಸತ್ತು ಮಗನಿಗೆ ಹೋದಾಗಲೂ ಸೊನ್ನೆ, ಯಾಕಂದ್ರೆ ಎಸ್ಟೇಟ್ ಡ್ಯೂಟಿ, ಅಂದ್ರೆ ಸತ್ತವರ ಆಸ್ತಿ ಮೇಲಿನ ತೆರಿಗೆ, 1985ರಲ್ಲೇ ಹೋಯ್ತು. ಸಂಬಳದವ್ರಿಗೆ ಮಾತ್ರ ಟಿಡಿಎಸ್ ಕತ್ತರಿಸಿಯೇ ಅಕೌಂಟಿಗೆ ಬೀಳೋದು.

ನಮ್ಮ ರಾಜ್ಯದ್ದೂ ಒಂದು ಮಾತು, ಯಾಕಂದ್ರೆ ಮುಂದಿನ ಪ್ರಶ್ನೆ ಅದೇ ಇರುತ್ತೆ. ರಾಜ್ಯಗಳು ಕೃಷಿ ಆದಾಯ ಬಿಟ್ಟು ಬೇರೆ ಆದಾಯದ ಮೇಲೆ ತೆರಿಗೆ ಹಾಕೋ ಹಾಗಿಲ್ಲ, ಹಾಗಾಗಿ ಕರ್ನಾಟಕ ಸಮಾನತೆಗೆ ಏನಾದ್ರೂ ಮಾಡಬೇಕು ಅಂದ್ರೆ ಮುಖ್ಯವಾಗಿ ಖರ್ಚಿನ ಕಡೆಯಿಂದಲೇ ಮಾಡಬೇಕು. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ನಮ್ಮ ಮೊದಲನೇ ಮನೆಗೆ ಆದಾಯದ 20%. ಇನ್‌ಕಮ್ ಟ್ಯಾಕ್ಸ್ ಕಟ್ಟೋ ಮನೆಗೆ ಅದು ಇಲ್ಲ, ಹಾಗಾಗಿ ಗಿನಿ ಇಳಿಸೋಕೆ ಒಳ್ಳೇ ಹತಾರ. ಆದ್ರೆ ಪ್ರಾಜೆಕ್ಟ್ ವರ್ಕಲ್ಲಿ ಇದನ್ನ ಲೆಕ್ಕ ಹಾಕೋದಾದ್ರೆ, ಅದೇ ಮನೆಯ ಗಂಡಸು ಕ್ವಾರ್ಟರ್ ಬಾಟ್ಲಿ ಮೇಲೆ ಕಟ್ಟಿದ ಅಬಕಾರಿ ಸುಂಕವನ್ನೂ ಆ 2,000ದಲ್ಲಿ ಕಳೆದು ಬರೀರಿ.